ಎರಡು ಪ್ರಿಂಟು, ಒಂದೇ ಆಗರ

ಆಷಾಢದ ಒಂದು ಭಾನುವಾರ. ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನ ಮುಂದೆ ಹತ್ತು ಮಾರು ದೂರವೂ ಕಾಣುತ್ತಿರಲಿಲ್ಲ. ಶಿರಸಿಯಲ್ಲಿ ಇಳಿದು, ಗೆಳೆಯನ ಬೈಕ್ ಹತ್ತಿ ಅವನ ದೊಡ್ಡಪ್ಪನ ಮನೆ ಮುಟ್ಟುವಷ್ಟರಲ್ಲಿ ನಾನು ಪೂರ್ತಿ ತೊಪ್ಪೆ. ರೇನ್‌ಕೋಟು ಹೆಸರಿಗೆ ಮಾತ್ರ.

ದೊಡ್ಡಪ್ಪ ಬಚ್ಚಲ ಒಲೆಯ ಮುಂದೆ ಕೂತು ಹಳೇ ಬಾಣಲೆಯಲ್ಲಿ ಏನೋ ಹುರಿಯುತ್ತಿದ್ದರು. ಹಲಸಿನ ಬೇಳೆ ಇರಬೇಕು ಅಂತ ಆಸೆಯಿಂದ ಬಗ್ಗಿ ನೋಡಿದೆ. ಗುಲಾಬಿ ಬಣ್ಣದ ಸಣ್ಣ ಹರಳುಗಳು!

"ಸಿಲಿಕಾ ಜೆಲ್ಲು. ತಿನ್ನುವಂಥದ್ದಲ್ಲ" ಎಂದು ನಕ್ಕರು. ತೇವ ಕುಡಿದರೆ ಗುಲಾಬಿ, ಒಣಗಿದರೆ ನೀಲಿ. ನಾನು ನೋಡುತ್ತಿದ್ದಂತೆಯೇ ಬಾಣಲೆಯ ಅಂಚಿನ ಹರಳುಗಳು ಒಂದೊಂದಾಗಿ ನೀಲಿಗೆ ತಿರುಗಿದವು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಈ ಕೆಲಸವಂತೆ. ತಪ್ಪಿದರೆ ಲೆನ್ಸಿಗೂ ಬೂಷ್ಟು, ಫೋಟೋಗೂ ಬೂಷ್ಟು. ಮಲೆನಾಡಿನಲ್ಲಿ ಕಾಗದ ಉಳಿಸಿಕೊಳ್ಳುವುದು ಅಂದ್ರೆ ಸುಮ್ನೆ ಅಲ್ಲ.

ದೊಡ್ಡಪ್ಪನಿಗೆ ಹೊಟ್ಟೆಪಾಡಿಗೆ ಅಡಿಕೆ ತೋಟ, ಖಯಾಲಿಗೆ ಕ್ಯಾಮೆರಾ. ಮನುಷ್ಯರ ಫೋಟೋ ತೆಗೆಯುವುದೇ ಇಲ್ಲ. "ಮದುವೆಗೆ ಕರೆದರೂ ಮನೆಯ ಹಿಂದಿನ ಬೆಟ್ಟ ತೆಗೆದುಕೊಂಡು ಬರ್ತಾರೆ" ಅಂತ ಗೆಳೆಯನ ದೂರು. ಹೊಳೆ, ಗದ್ದೆ, ಕಡಲು, ಬಂಡೆ, ಇಷ್ಟೇ. ಅದೂ ಕಪ್ಪು ಬಿಳುಪಿನಲ್ಲಿ, ರೋಲ್ ಫಿಲ್ಮಿನಲ್ಲಿ.

"ಆಸರಿಗೆ ಎಂತ ಬೇಕು?" ಎಂದು ದೊಡ್ಡಮ್ಮ ಕೇಳಿ, ಉತ್ತರಕ್ಕೂ ಕಾಯದೆ ಮುರುಗಲು ಪಾನಕ ತಂದಿಟ್ಟರು. ದೊಡ್ಡಪ್ಪ ಲೋಟವನ್ನು ನನ್ನ ಕಡೆ ಸರಿಸಿದರು. "ಮೊದಲು ಕುಡಿ. ಆಮೇಲೆ ಕೈ ತೊಳೆದು ಒರೆಸಿಕೊಂಡು ಮೆತ್ತಿಗೆ ಬಾ."

ಮೆತ್ತಿ ಅಂದರೆ ಮನೆಯ ಮಹಡಿ. ಅಲ್ಲಿ ಟ್ಯೂಬ್‌ಲೈಟ್ ಆರಿಸಿ ಕಿಟಕಿ ಬಾಗಿಲು ತೆರೆದರು. ಮಳೆಯ ಮೋಡದಿಂದ ಸೋಸಿ ಬರುವ ಬೆಳಕೇ ಪ್ರಿಂಟ್ ನೋಡಲಿಕ್ಕೆ ಒಳ್ಳೆಯದಂತೆ. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು, ಡಬ್ಬಿಯಿಂದ ಒಂದೊಂದೇ ಪ್ರಿಂಟ್ ತೆಗೆದು ಕಿಟಕಿಯ ಪಕ್ಕದ ಹಲಗೆಗೆ ಆನಿಸಿ ಇಟ್ಟರು. ಯಾಣದ ಬಂಡೆ, ಉಂಚಳ್ಳಿ ಜಲಪಾತ. ಚೆನ್ನಾಗಿದ್ದವು. ಆದರೆ ನಿಜ ಹೇಳಬೇಕೆಂದರೆ, ಅಲ್ಲಿಗೆ ಹೋದವರೆಲ್ಲ ಅವನ್ನೇ ತೆಗೆಯುತ್ತಾರೆ, ಅಲ್ವಾ? ನಾನು ತಲೆ ಆಡಿಸುತ್ತಾ ಇದ್ದೆ.

ನಾಲ್ಕನೆಯದು ಬಂತು ನೋಡಿ. ನಮ್ಮೂರು! ಸಾಣಿಕಟ್ಟೆಯ ಉಪ್ಪಿನ ಆಗರ.

ಒಂದು ಅಡಿ ಉದ್ದ, ಒಂದು ಅಡಿ ಅಗಲದ ಚೌಕ ಚಿತ್ರ. ಪಾತಿಗಳಲ್ಲಿ ನೀರು ಕನ್ನಡಿಯ ಹಾಗೆ ನಿಂತಿದೆ. ದೂರದಲ್ಲಿ ಮೂರು ಉಪ್ಪಿನ ರಾಶಿ. ಬಿಳಿ ಅಂದರೆ ಬರೀ ಬಿಳಿ ಅಲ್ಲ. ರಾಶಿಯ ಬುಡದಲ್ಲಿ ನೀರಿಳಿದು ಬೂದಿ ಬಣ್ಣ, ನೆತ್ತಿಯಲ್ಲಿ ಒಣಗಿ ಹರಳು ಹರಳು. ಎಡಗಡೆಯ ಬದು ಒಂದು ಕಡೆ ಕುಸಿದಿದೆ, ಯಾರೋ ಹಸಿ ಮಣ್ಣು ಮೆತ್ತಿದ್ದಾರೆ, ಅಲ್ಲಿ ನಾಲ್ಕು ಬೆರಳಿನ ಗುರುತು. ಬದುವಿನ ಮೇಲೆ ಉಪ್ಪು ಎಳೆಯುವ ಹಲಗೆ, ಉದ್ದ ಕೋಲಿನ ಸಮೇತ. ಎಳೆಯುವವನು ಈಗಷ್ಟೇ ಊಟಕ್ಕೆ ಎದ್ದು ಹೋಗಿರಬೇಕು.

ನಮ್ಮಪ್ಪ ಇಂಥ ಹಲಗೆ ಎಳೆದವರು. ನಾನು ಚಿಕ್ಕವನಿದ್ದಾಗ ಮಧ್ಯಾಹ್ನದ ಬುತ್ತಿ ಕೊಡಲಿಕ್ಕೆ ಆ ಬದುವಿನ ಮೇಲೇ ಓಡುತ್ತಿದ್ದೆ. ಮೊಬೈಲಿನಲ್ಲಿ ಆಗರದ ಫೋಟೋ ನೂರಾರು ಇವೆ ನನ್ನ ಹತ್ತಿರ. ಒಂದರಲ್ಲೂ ಆ ಬೆರಳ ಗುರುತು ಕಂಡಿರಲಿಲ್ಲ. ಗೊತ್ತಿಲ್ಲದೆಯೇ ಬೆರಳು ಮುಂದೆ ಹೋಯಿತು. ದೊಡ್ಡಪ್ಪ ಗಬಕ್ಕನೆ ಮಣಿಕಟ್ಟು ಹಿಡಿದರು. "ಕಣ್ಣಿಂದ ಮುಟ್ಟು ತಮಾ."

ಆಮೇಲೆ ಅದರ ಪಕ್ಕಕ್ಕೆ ಇನ್ನೊಂದು ಪ್ರಿಂಟ್ ಇಟ್ಟರು. ಅದೇ ಆಗರ, ಅದೇ ನೆಗೆಟಿವ್ (ಫಿಲ್ಮಿನ ಮೇಲೆ ಮೂಡಿದ ಮೂಲ ಚಿತ್ರ), ಅದೇ ಹಲಗೆ. ಆದರೆ ಇದರಲ್ಲಿ ಆಕಾಶ ಕಪ್ಪು. ಮೇಲಿನಿಂದ ಕೆಳಗೆ ಒತ್ತಿಕೊಂಡು ಬರುವಂಥ ಕಪ್ಪು. ಉಪ್ಪಿನ ರಾಶಿಗಳು ಹಲ್ಲಿನ ಹಾಗೆ ಎದ್ದು ಕಾಣುತ್ತಿದ್ದವು. ಮೊದಲನೆಯದನ್ನು ಹದಿನೈದು ವರ್ಷದ ಹಿಂದೆ ಮಾಡಿದ್ದಂತೆ, ಇದು ಹೋದ ಬೇಸಿಗೆಯದ್ದು. ಡಾರ್ಕ್‌ರೂಮಿನಲ್ಲಿ ಕೆಳಗಿನ ಭಾಗವನ್ನು ರಟ್ಟಿನಿಂದ ಮರೆ ಮಾಡಿ, ಆಕಾಶಕ್ಕೆ ಮಾತ್ರ ಬೆಳಕು ಜಾಸ್ತಿ ಕೊಟ್ಟಿದ್ದರು. ಪ್ರಿಂಟಿನ ಕಾಗದಕ್ಕೆ ಬೆಳಕು ಹೆಚ್ಚು ಬಿದ್ದಷ್ಟೂ ಕಪ್ಪು.

ನನಗೆ ಸರಿ ಬರಲಿಲ್ಲ. "ಇದು ಸುಳ್ಳಾಯ್ತು ದೊಡ್ಡಪ್ಪ. ಬೇಸಿಗೆಯಲ್ಲಿ ನಮ್ಮೂರ ಆಕಾಶ ಕಣ್ಣು ಬಿಡಲಿಕ್ಕಾಗದಷ್ಟು ಬಿಳಿ. ಹಳೇದೇ ಚಂದ."

ಅವರಿಗೆ ಸಿಟ್ಟು ಬರಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ದಪ್ಪ ಪುಸ್ತಕ ತಂದರು. ಅಮೆರಿಕದ ಆನ್ಸೆಲ್ ಆಡಮ್ಸ್ ಅವರ ಫೋಟೋಗಳ ಪುಸ್ತಕ. ಒಂದು ಪುಟ ತೆರೆದರು: ಸಣ್ಣ ಹಳ್ಳಿ, ಸ್ಮಶಾನದ ಬಿಳಿ ಶಿಲುಬೆಗಳು, ಮೇಲೆ ಪುಟ್ಟ ಚಂದ್ರ. 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬಲ್ಲಿ ತೆಗೆದದ್ದು. ಕಾರಿನಲ್ಲಿ ಹೋಗುತ್ತಿದ್ದ ಮನುಷ್ಯ ಈ ನೋಟ ಕಂಡು ನಿಲ್ಲಿಸಿ, ಗಡಿಬಿಡಿಯಲ್ಲಿ ಕ್ಯಾಮೆರಾ ಹೂಡಿದರೆ ಬೆಳಕು ಅಳೆಯುವ ಲೈಟ್ ಮೀಟರೇ ಸಿಗಲಿಲ್ಲ. ಚಂದ್ರನ ಬೆಳಕಿನ ಲೆಕ್ಕ ತಲೆಯಲ್ಲಿತ್ತು, ಅದರ ಮೇಲೆಯೇ ಒಂದು ಕ್ಲಿಕ್. ಎರಡನೆಯದಕ್ಕೆ ತಯಾರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಯೇ ಬಿಟ್ಟಿತು. ಆ ಒಂದೇ ನೆಗೆಟಿವ್‌ನಿಂದ ಮುಂದೆ ಅವರು ಸಾವಿರಕ್ಕೂ ಹೆಚ್ಚು ಪ್ರಿಂಟ್ ಮಾಡಿದರು. ಮೊದಮೊದಲ ಪ್ರಿಂಟುಗಳಲ್ಲಿ ಆಕಾಶ ತಿಳಿಯಾಗಿದೆ, ಮೋಡ ಕಾಣುತ್ತದೆ. ವರ್ಷ ಹೋದಂತೆ ಆಕಾಶ ಕಪ್ಪಾಗುತ್ತಾ ಹೋಯಿತು.

"ಆಡಮ್ಸ್ ಮೊದಲು ಪಿಯಾನೊ ಕಲಿತವ. ನೆಗೆಟಿವ್ ಅಂದರೆ ಬರೆದಿಟ್ಟ ಸ್ವರ, ಪ್ರಿಂಟ್ ಅಂದರೆ ನುಡಿಸುವುದು ಅಂತಿದ್ದ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ನೆಗೆಟಿವ್ ಪ್ರಸಂಗ, ಪ್ರಿಂಟ್ ಆಟ. ಪ್ರಸಂಗ ಒಂದೇ ಆದರೂ ನಿನ್ನೆಯ ಕೌರವ ಇವತ್ತು ಬರ್ತಾನಾ?"

ಯಕ್ಷಗಾನದ ಮಾತು ಬಂದರೆ ಈ ಸೀಮೆಯಲ್ಲಿ ವಾದ ಮುಗಿದ ಹಾಗೆ. ಆದರೂ ನಾನು ಬಿಡಲಿಲ್ಲ. ಕೌರವನಿಗೆ ಭೀಮನ ಬಣ್ಣ ಬಳಿಯಲಿಕ್ಕಾಗುತ್ತಾ ಅಂದೆ. ಗೆಳೆಯ ಜೋರಾಗಿ ನಕ್ಕ. ದೊಡ್ಡಪ್ಪ ಮಾತ್ರ ಎರಡೂ ಪ್ರಿಂಟುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಪುಸ್ತಕದ ಮೇಲೆ ಭೂತಗನ್ನಡಿ ಇಡಿಸಿದರು. ಚಂದ್ರ ಪೂರ್ತಿ ಚುಕ್ಕಿ ಚುಕ್ಕಿ, ಶಾಯಿಯ ಚುಕ್ಕಿ. ಅದನ್ನೇ ಎತ್ತಿ ಆಗರದ ಪ್ರಿಂಟಿನ ಮುಂದೆ ಹಿಡಿದರೆ ಚುಕ್ಕಿ ಇಲ್ಲ, ಫಿಲ್ಮಿನ ನವಿರು ಮರಳು ಮಾತ್ರ. 1930ರಲ್ಲಿ ಆಡಮ್ಸ್ ತಂದ ಒಂದು ಪುಸ್ತಕದಲ್ಲಿ ಅಚ್ಚಿನ ಚಿತ್ರಗಳೇ ಇರಲಿಲ್ಲವಂತೆ. ಪ್ರತಿಯೊಂದು ಪ್ರತಿಯಲ್ಲೂ ಹನ್ನೆರಡು ಅಸಲಿ ಫೋಟೋ ಪ್ರಿಂಟು. ಒಟ್ಟು 108 ಪ್ರತಿ. ಥೇಟ್ ನಮ್ಮ ಅಷ್ಟೋತ್ತರ! ದೊಡ್ಡಪ್ಪನ ಪುಸ್ತಕ ಅದಲ್ಲ, ಹಾಗಾಗಿ ಅದಕ್ಕೆ ಕೈಗವಸಿನ ಉಪಚಾರವೂ ಇಲ್ಲ. ಒಂದು ಮಳೆಗಾಲದಲ್ಲಿ ನುಣುಪು ಹಾಳೆಗಳು ಅಂಟಿಕೊಂಡು, ಬಿಡಿಸುವಾಗ ಒಂದು ಬೆಟ್ಟದ ಅರ್ಧ ಎದುರಿನ ಪುಟಕ್ಕೆ ಹೋಗಿತ್ತು. ಎರಡು ಪುಟಕ್ಕೆ ಹರಡಿದ ಚಿತ್ರಗಳ ಮೇಲೆ ಅವರಿಗೆ ಬೇರೆ ಸಿಟ್ಟಿದೆ. "ಹೊಲಿಗೆಯ ಸಂದಿಯಲ್ಲಿ ಹೊಳೆ ಮುಳುಗಿ ಹೋಗ್ತು" ಅಂತ ಗೊಣಗಿದರು.

ಹೊರಡುವಾಗ ಕೇಳಲಿಕ್ಕೆ ಸಂಕೋಚವಾಗಿ ಸುಮ್ಮನಿದ್ದೆ. ಅವರೇ ಎರಡು ರಟ್ಟಿನ ನಡುವೆ ಒಂದು ಪ್ರಿಂಟ್ ಇಟ್ಟು, ಪ್ಲಾಸ್ಟಿಕ್ ಸುತ್ತಿ ಕೊಟ್ಟರು. ಮೂಲೆಯಲ್ಲಿ ಧೂಳಿನ ಬಿಳಿ ಚುಕ್ಕೆ ಬಿದ್ದು ಬದಿಗಿಟ್ಟದ್ದು. ಬಿಚ್ಚಿ ನೋಡಿದರೆ ಕಪ್ಪು ಆಕಾಶದ್ದು! ಹಳೇದು ಕೊಡಬಹುದಿತ್ತಪ್ಪ ಅಂತ ಘಟ್ಟ ಇಳಿಯುವ ತನಕ ಒಳಗೊಳಗೇ ಬೇಸರ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಮ್ಮನ ಕೈಗೆ ಪ್ರಿಂಟ್ ಕೊಟ್ಟೆ, ರಟ್ಟಿನ ಸಮೇತ. ಅವಳು ಕನ್ನಡಕ ಹಾಕಿಕೊಂಡು ಜಗಲಿಯ ಬಲ್ಬಿನ ಕೆಳಗೆ ಹೋದಳು. ತುಂಬಾ ಹೊತ್ತು ನೋಡಿದಳು. ಹಲಗೆ ನೋಡುತ್ತಿದ್ದಾಳೆ, ಅಪ್ಪನ ನೆನಪಾಗಿರಬೇಕು ಅಂದುಕೊಂಡೆ.

"ಮಳೆ ಬಂದೇ ಬಿಡ್ತಲ್ಲೋ" ಅಂದಳು. "ರಾಶಿಗೆ ಇನ್ನೂ ಗರಿ ಹೊದಿಸ್ಲಿಲ್ಲ. ಎಲ್ಲಿ ಹೋದ್ರು ಇವರೆಲ್ಲ?"