ಕ್ವಾರ್ಟರ್ಸಿಗೆ ಮತಪತ್ರ ಬಂದ ದಿನ

2024ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕರ್ನಾಟಕದ ಕ್ಷೇತ್ರಗಳಿಗೆ ಮೇ 7ರಂದು ಮತದಾನ. ನಾಮಪತ್ರ ವಾಪಸ್ ಪಡೆಯಲು ಏಪ್ರಿಲ್ 22 ಕಡೆಯ ದಿನವಾಗಿತ್ತು. ಕಣದಲ್ಲಿ ಉಳಿದವರು ಯಾರೆಂದು ಪಕ್ಕಾ ಆದ ಮೇಲೆ ಸೇನೆಯಲ್ಲಿರುವವರ ಮತ್ತು ಜೊತೆಗಿರುವ ಹೆಂಡತಿಯರ, ಅಂದರೆ ನಮ್ಮ, ಮತಪತ್ರ ಕಂಪ್ಯೂಟರ್ ಮೂಲಕ ಯೂನಿಟ್ ಆಫೀಸಿಗೆ ಬಂದು ಇಳಿಯುತ್ತದೆ. ಊರಿನವರು ಮತಗಟ್ಟೆ ಮುಂದೆ ಸಾಲು ನಿಲ್ಲುವ ಮೊದಲೇ ನಾವು ಮತ ಹಾಕಿ ಲಕೋಟೆ ಅಂಟಿಸಿ ಮುಗಿಸಿರುತ್ತೇವೆ.

ಆ ಚುನಾವಣೆಯುದ್ದಕ್ಕೂ ಟಿ.ವಿ.ಯಲ್ಲಿ ಅಗ್ನಿಪಥದ, ಅಂದರೆ ನಾಲ್ಕು ವರ್ಷಕ್ಕೆ ಸೇನೆಗೆ ಸೇರಿಸಿಕೊಳ್ಳುವ ಯೋಜನೆಯ, ಚರ್ಚೆ ಇತ್ತು. ಅಂಥ ಸುದ್ದಿ ಬಂದಾಗಲೆಲ್ಲ ಊರಿನಿಂದ ಫೋನು ಬರುವುದು ನಮಗೇ: "ವೈನಿ, ನೀವು ಮಿಲಿಟರಿಯಾಗಿನವ್ರು, ನೀವೇನಂತೀರಿ?" ಕೇಳುವುದರಲ್ಲಿ ತಪ್ಪಿಲ್ಲ. ಯಜಮಾನರನ್ನು ಕೇಳಿದರೆ ಉತ್ತರ ಸಿಗುವುದಿಲ್ಲ, ಸಿಗಲೂಬಾರದು. ಸಂವಿಧಾನದ 33ನೇ ವಿಧಿ ಸಶಸ್ತ್ರ ಪಡೆಯವರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯ್ದೆಯ 21ನೇ ಸೆಕ್ಷನ್ ಮತ್ತು 1954ರ ಸೇನಾ ನಿಯಮಗಳಲ್ಲಿ 20ನೆಯದು ಅದನ್ನು ಬಿಡಿಸಿ ಹೇಳುತ್ತವೆ. ರಾಜಕೀಯ ಸಭೆ, ಮೆರವಣಿಗೆಗೆ ಹೋಗುವಂತಿಲ್ಲ, ಪಕ್ಷಕ್ಕೆ ಸೇರುವಂತಿಲ್ಲ, ಚಂದಾ ಕೊಡುವಂತಿಲ್ಲ. ಈ ನಿಯಮ ಸರಿಯಾಗಿಯೇ ಇದೆ. ಬಂದೂಕು ಹಿಡಿದವರು ಪಕ್ಷ ಹಿಡಿಯಬಾರದು.

ಹೆಂಡತಿ ಆ ಕಾಯ್ದೆಯ ಕೆಳಗೆ ಬರುವುದಿಲ್ಲ. ಅವಳಿಗೆ ವಾಕ್ ಸ್ವಾತಂತ್ರ್ಯ ಉಳಿದ ನಾಗರಿಕರಿಗಿದ್ದಷ್ಟೇ ಇದೆ. ಆದರೂ ಅವಳು ಬಾಯಿಬಿಟ್ಟರೆ ಅದು ಗಂಡನ ಮಾತೆಂದೇ ಜನ ತಿಳಿಯುತ್ತಾರೆ. ಅದಕ್ಕೆ ಕ್ವಾರ್ಟರ್ಸಿನಲ್ಲಿ ತಿಳಿದವರು ಒಂದು ಗೆರೆ ಎಳೆದುಕೊಂಡಿರುತ್ತಾರೆ. ಪಿಂಚಣಿ, ನೇಮಕಾತಿ, ಆಸ್ಪತ್ರೆ, ಮಕ್ಕಳ ಶಾಲೆ, ಸರ್ಕಾರದ ನೀತಿ ಇವುಗಳ ಬಗ್ಗೆ ಹೆಸರು ಹಾಕಿಯೇ ಅಭಿಪ್ರಾಯ ಹೇಳಬಹುದು. ಯೂನಿಟ್ಟಿನ ಹೆಸರು, ಯೂನಿಫಾರ್ಮಿನ ಫೋಟೊ, ರಜೆ ರದ್ದಾದ ಸುದ್ದಿ, ಗಾಡಿ ಯಾವಾಗ ಹೊರಟಿತು ಎಂಬುದು ಮಾತ್ರ ಯಾರ ವಾಟ್ಸಾಪ್ ಗ್ರೂಪಿಗೂ ಹೋಗಬಾರದು. "ಇವರ ರಜೆ ಕ್ಯಾನ್ಸಲ್ ಆಯ್ತು ನೋಡ್ರಿ" ಎಂಬ ಒಂದು ಸಾಲು ನಾಲ್ಕು ಬೇರೆ ಬೇರೆ ಊರುಗಳಿಂದ ಬಂದರೆ, ಓದುವವನಿಗೆ ಮುಂದಿನದನ್ನು ಊಹಿಸಲು ಕಷ್ಟವಿಲ್ಲ.

ನನ್ನ ಮಟ್ಟಿಗೆ ಅಭಿಪ್ರಾಯ ತೂಕಕ್ಕೆ ಬರುವ ಜಾಗ ಆ ಲಕೋಟೆ. ಅದೇ ಎಷ್ಟೋ ಜನರದ್ದು ಎಣಿಕೆ ಟೇಬಲ್ಲಿನಲ್ಲಿ ಕಸವಾಗುತ್ತದೆ.

ಮೊದಲ ಗೊಂದಲ ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದು. ಸೇನೆಯವರು ಫಾರಂ 2 ತುಂಬಿ ಸೇವಾ ಮತದಾರರಾಗುತ್ತಾರೆ. ಹೆಸರು ಹುಟ್ಟೂರಿನ ಮತದಾರರ ಪಟ್ಟಿಯ ಕೊನೆಯ ಭಾಗಕ್ಕೆ ಸೇರುತ್ತದೆ. ಹೆಂಡತಿಗೆ ಬೇರೆ ಅರ್ಜಿ ಬೇಕಿಲ್ಲ, ಗಂಡ ತನ್ನ ಫಾರಮಿನಲ್ಲೇ ಘೋಷಿಸಿದರೆ ಸಾಕು. ಮೊದಲು ಕಾಯ್ದೆಯಲ್ಲಿ 'ಹೆಂಡತಿ' ಎಂದಷ್ಟೇ ಇತ್ತು. 2021ರ ತಿದ್ದುಪಡಿಯಿಂದ ಅದು 'ಸಂಗಾತಿ' ಆಯಿತು, ಹಾಗಾಗಿ ಸೇನೆಯಲ್ಲಿರುವ ಹೆಣ್ಣುಮಕ್ಕಳ ಗಂಡಂದಿರಿಗೂ ಈ ಸೌಲಭ್ಯ ಸಿಕ್ಕಿತು. ಬಹಳ ತಡವಾಗಿ ಆದ ಒಳ್ಳೆಯ ಕೆಲಸ. ವಯಸ್ಸಿಗೆ ಬಂದ ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ.

ಇಲ್ಲಿ ಎಲ್ಲರೂ ಮರೆಯುವ ಷರತ್ತೊಂದಿದೆ. ಗಂಡನ ಜೊತೆ ವಾಸವಾಗಿದ್ದರೆ ಮಾತ್ರ ಹೆಂಡತಿ ಸೇವಾ ಮತದಾರಳು. ಅವರು ಫೀಲ್ಡಿಗೆ, ಅಂದರೆ ಕುಟುಂಬ ಕರೆದೊಯ್ಯಲಾಗದ ಕಡೆಗೆ ಹೋಗಿ, ಇವಳು ಅತ್ತೆಮನೆಯಲ್ಲೋ ತವರಿನಲ್ಲೋ ಮಕ್ಕಳ ಶಾಲೆಗಾಗಿ ನಿಂತರೆ, ಅವಳು ಇರುವ ಊರಿನಲ್ಲೇ ಫಾರಂ 6 ಕೊಟ್ಟು ಸಾಮಾನ್ಯ ಮತದಾರಳಾಗಬೇಕು. ಎರಡು ಕಡೆ ಹೆಸರಿರುವಂತಿಲ್ಲ. ಪೋಸ್ಟಿಂಗ್ ಎರಡು-ಮೂರು ವರ್ಷಕ್ಕೊಮ್ಮೆ ಬದಲಾಗುವ ಬದುಕಿನಲ್ಲಿ ಊರಿನ ಪಟ್ಟಿಯಿಂದ ತೆಗೆಸಿ, ಇಲ್ಲಿ ಸೇರಿಸದೆ ಉಳಿದ ಹೆಣ್ಣುಮಕ್ಕಳು ಎಷ್ಟೋ ಮಂದಿ. ಪೀಸ್ ಸ್ಟೇಷನ್ನಿನಲ್ಲಿ, ಅಂದರೆ ಕುಟುಂಬ ಇಟ್ಟುಕೊಳ್ಳಬಹುದಾದ ಊರಿನಲ್ಲಿ, ಕುಟುಂಬದೊಡನೆ ನೆಲೆ ನಿಂತವರು ಆ ಊರಿನ ಸಾಮಾನ್ಯ ಮತದಾರರೂ ಆಗಬಹುದು, ಆಗ ಸೇವಾ ಮತ ಬಿಡಬೇಕು. ನನ್ನನ್ನು ಕೇಳಿದರೆ, ಎರಡು ವರ್ಷ ಇದ್ದು ಹೋಗುವ ಊರಿನ ಎಂ.ಎಲ್.ಎ.ಯನ್ನು ಆರಿಸುವುದಕ್ಕಿಂತ ನಿವೃತ್ತಿಯಾಗಿ ಹೋಗಿ ಕೂರುವ ಊರಿನ ಮತ ಉಳಿಸಿಕೊಳ್ಳುವುದೇ ಮೇಲು. ಅಲ್ಲಿನ ರಸ್ತೆ, ನೀರು, ತಾಲೂಕು ಆಸ್ಪತ್ರೆ ನಾಳೆ ನಮ್ಮವೇ.

ಇನ್ನು ಮತಪತ್ರ. ಹಿಂದೆ ಕಾಗದವೇ ಅಂಚೆಯಲ್ಲಿ ಬಂದು ಅಂಚೆಯಲ್ಲೇ ಹೋಗಬೇಕಿತ್ತು. 2016ರ ಅಕ್ಟೋಬರಿನಲ್ಲಿ ನಿಯಮ ಬದಲಾಗಿ ಬರುವ ದಾರಿ ಕಂಪ್ಯೂಟರಿಗೆ ತಿರುಗಿತು. ಆಫೀಸಿನಲ್ಲಿ ಒ.ಟಿ.ಪಿ. ಹಾಕಿ ಇಳಿಸಿಕೊಂಡು, ಪಿನ್ ಹಾಕಿ ತೆರೆದು, ಪ್ರಿಂಟ್ ತೆಗೆಯುತ್ತಾರೆ. ಹೋಗುವ ದಾರಿ ಮಾತ್ರ ಇವತ್ತಿಗೂ ಅಂಚೆಯೇ.

ಕೈಗೆ ಬರುವುದು ಕೆಲವು ಹಾಳೆಗಳು: ಮತಪತ್ರ, 13ಎ ಎಂಬ ಘೋಷಣೆ, 13ಬಿ ಅಂದರೆ ಒಳಲಕೋಟೆಯ ಮೇಲೆ ಅಂಟಿಸುವ ಚೀಟಿ, 13ಸಿ ಅಂದರೆ ಚುನಾವಣಾಧಿಕಾರಿಯ ವಿಳಾಸವಿರುವ ಹೊರಲಕೋಟೆಯ ಚೀಟಿ, ಮತ್ತು ಸೂಚನೆಗಳ 13ಡಿ. ನಿಮ್ಮ ಅಭ್ಯರ್ಥಿಯ ಹೆಸರಿನ ಎದುರು ರೈಟ್ ಅಥವಾ ಇಂಟು ಗುರುತು ಹಾಕಬೇಕು. ಮತಪತ್ರದ ಮೇಲೆ ಸಹಿ, ಹೆಸರು, 'ಜೈ ಹಿಂದ್' ಏನನ್ನೂ ಬರೆಯಬಾರದು. ಮತ ಯಾರದೆಂದು ಗೊತ್ತಾಗುವ ಗುರುತಿದ್ದರೆ ಅದು ತಿರಸ್ಕೃತ. ಗುರುತು ಹಾಕಿದ ಮತಪತ್ರವೊಂದನ್ನೇ ಒಳಲಕೋಟೆಯಲ್ಲಿಟ್ಟು ಅಂಟಿಸಬೇಕು. 13ಎಗೆ ಅಧಿಕಾರಿಯ ಎದುರು ಸಹಿ ಮಾಡಿ, ಅವರಿಂದ ದೃಢೀಕರಣದ ಸಹಿ ಪಡೆಯಬೇಕು. ಆಮೇಲೆ ಒಳಲಕೋಟೆಯನ್ನೂ 13ಎಯನ್ನೂ ಜೊತೆಗೂಡಿಸಿ ಹೊರಲಕೋಟೆಗೆ ಹಾಕಬೇಕು.

ಹೆಚ್ಚಿನ ಎಡವಟ್ಟು ಈ 13ಎಯದೇ. ಮುಖ್ಯ ಕಾಗದವೆಂದು ಜೋಪಾನವಾಗಿ ಮತಪತ್ರದ ಜೊತೆ ಒಳಗೇ ಸೇರಿಸಿಬಿಡುತ್ತಾರೆ. ಎಣಿಕೆಯವರು ಹೊರಲಕೋಟೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ತೆರೆದು, ಮೊದಲು ಹುಡುಕುವುದು ಆ ಘೋಷಣೆಯನ್ನು. ಅದು ಸಿಗದಿದ್ದರೆ ಒಳಲಕೋಟೆಯನ್ನು ತೆರೆಯುವುದೇ ಇಲ್ಲ. ದೃಢೀಕರಣದ ಸಹಿ ಬಿಟ್ಟುಹೋಗಿದ್ದರೂ, 13ಎಯಲ್ಲಿನ ಮತಪತ್ರದ ನಂಬರಿಗೂ 13ಬಿಯ ನಂಬರಿಗೂ ತಾಳೆಯಾಗದಿದ್ದರೂ ಅದೇ ಗತಿ. ಗಂಡ-ಹೆಂಡತಿ ಒಂದೇ ಮೇಜಿನ ಮೇಲೆ ಎರಡು ಸೆಟ್ ಹರಡಿಕೊಂಡು ಕೂತರೆ ನಂಬರು ಅದಲುಬದಲಾಗುವುದು ಬಹಳ ಸುಲಭ. ಒಬ್ಬರದು ಪೂರ್ತಿ ಮುಗಿದ ಮೇಲೆ ಇನ್ನೊಬ್ಬರದನ್ನು ತೆರೆಯಿರಿ. ಗೋಂದನ್ನು ಚೀಟಿಯ ಅಂಚಿಗೆ ಮಾತ್ರ ಹಚ್ಚಿ. ಇಂಕ್‌ಜೆಟ್ ಪ್ರಿಂಟಿಗೆ ಗೋಂದು ತಾಗಿದರೆ ಶಾಯಿ ಹರಡಿ ಕೋಡ್ ಓದಲು ಬರುವುದಿಲ್ಲ. ಕೋಡ್ ಇರುವ ಜಾಗದಲ್ಲಿ ಹಾಳೆ ಮಡಿಸಬೇಡಿ, ಸೀಲೂ ಬೀಳದಿರಲಿ.

ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ. ನಿಮ್ಮ ಮತಪತ್ರಕ್ಕೆ ಗುರುತು ಹಾಕಬೇಕಾದವರು ನೀವು. "ಇಬ್ಬರದ್ದೂ ನಾನೇ ಮುಗಿಸಿ ಬಂದೆ" ಎಂದು ಯಾರಾದರೂ ಮನೆಗೆ ಬಂದು ಹೇಳಿದರೆ ಅದು ಉಪಕಾರವಲ್ಲ, ಅಪರಾಧ.

ಟಪಾಲಿಗೆ ಸ್ಟ್ಯಾಂಪು ಬೇಕಿಲ್ಲ. ಆದರೆ ಎಣಿಕೆ ಶುರುವಾಗುವ ಹೊತ್ತಿಗೆ, ಅಂದರೆ ಬೆಳಿಗ್ಗೆ 8 ಗಂಟೆಗೆ, ಲಕೋಟೆ ಚುನಾವಣಾಧಿಕಾರಿಯ ಕೈಯಲ್ಲಿರಬೇಕು. 2024ರಲ್ಲಿ ಎಣಿಕೆ ನಡೆದದ್ದು ಜೂನ್ 4ಕ್ಕೆ, ನಮಗೆ ಆರು ವಾರ ಸಿಕ್ಕಿತು. 2023ರ ವಿಧಾನಸಭೆ ಚುನಾವಣೆಯಲ್ಲಿ ಏಪ್ರಿಲ್ 24ಕ್ಕೆ ನಾಮಪತ್ರ ವಾಪಸಾತಿ ಮುಗಿದು ಮೇ 13ಕ್ಕೆ ಎಣಿಕೆ: ಬರೀ 19 ದಿನ. ಅಷ್ಟರಲ್ಲಿ ಸೇನಾ ಅಂಚೆ ಕಚೇರಿಗಳಾದ 56 ಎ.ಪಿ.ಒ. ಅಥವಾ 99 ಎ.ಪಿ.ಒ.ದ ಟಪಾಲು ಚೀಲ ಹಿಮ, ಮಳೆ, ಕುಸಿದ ರಸ್ತೆಗಳನ್ನೆಲ್ಲ ದಾಟಿ ಕರ್ನಾಟಕ ಮುಟ್ಟಬೇಕು. ವಿಧಾನಸಭೆ ಚುನಾವಣೆಯಲ್ಲಿ ಪ್ರಿಂಟ್ ಸಿಕ್ಕ ದಿನವೇ ಟಪಾಲಿಗೆ ಹಾಕದಿದ್ದರೆ ಆಸೆ ಬಿಡಬೇಕು. ದೂರದ ಪೋಸ್ಟಿನಲ್ಲಿರುವವರಿಗೆ ಪ್ರಾಕ್ಸಿ ಒಳ್ಳೆಯ ದಾರಿ. ಫಾರಂ 13ಎಫ್ ಕೊಟ್ಟರೆ ಊರಿನಲ್ಲಿರುವ ನಂಬಿಕೆಯವರೊಬ್ಬರು ಮತಗಟ್ಟೆಗೆ ಹೋಗಿ ಅವರ ಪರವಾಗಿ ಮತ ಹಾಕುತ್ತಾರೆ. ಶಾಯಿ ಬೀಳುವುದು ಎಡಗೈ ನಡುಬೆರಳಿಗೆ. ಈ ಸೌಲಭ್ಯ ಎರಡು ದಶಕದಿಂದ ಇದ್ದರೂ ಬಳಸುವವರು ವಿರಳ.

ಒಂದು ಮತದಿಂದ ಏನಾದೀತು ಎನ್ನುವವರಿಗೆ ಎರಡು ಹೆಸರು ಸಾಕು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ನಿಂತದ್ದು ಒಂದೇ ಮತದ ಮೇಲೆ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16, ಅಲ್ಲಿ ತಕರಾರು ಎದ್ದದ್ದೂ ತಿರಸ್ಕೃತ ಅಂಚೆ ಮತಗಳ ಬಗ್ಗೆಯೇ.

ಅಗ್ನಿಪಥದ ವಿಷಯಕ್ಕೆ ಬರುತ್ತೇನೆ, ಫೋನಿನಲ್ಲಿ ಎಲ್ಲರೂ ಕೇಳುವುದು ಅದನ್ನೇ. 2022ರ ಜೂನ್ 14ಕ್ಕೆ ಘೋಷಣೆಯಾದ ಯೋಜನೆ. ನಾಲ್ಕು ವರ್ಷ ಸೇವೆ, ಆಮೇಲೆ ಗರಿಷ್ಠ ಶೇ. 25 ಮಂದಿ ಖಾಯಂ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ ಶೇ. 30 ಸೇವಾ ನಿಧಿಗೆ, ಅಂದರೆ ಕೊನೆಗೆ ಒಟ್ಟಿಗೆ ಸಿಗುವ ಹಣಕ್ಕೆ, ಹೋಗುವುದರಿಂದ ಮೊದಲ ವರ್ಷ ಕೈಗೆ ಸಿಗುವುದು 21,000. ಹುಡುಗನ ಪಾಲು ನಾಲ್ಕು ವರ್ಷಕ್ಕೆ 5.02 ಲಕ್ಷ, ಸರ್ಕಾರದ್ದೂ ಅಷ್ಟೇ, ಬಡ್ಡಿ ಸೇರಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ, ಗ್ರಾಚುಯಿಟಿ ಇಲ್ಲ. ಎಳೆ ವಯಸ್ಸಿನವರ ಸೈನ್ಯ ಚುರುಕಾಗಿರುತ್ತದೆ ಎಂಬ ವಾದದಲ್ಲಿ ಹುರುಳಿದೆ, ಅದನ್ನು ನಾನು ಒಪ್ಪುತ್ತೇನೆ. ಒಪ್ಪದಿರುವುದು ಸಾವಿನ ಲೆಕ್ಕವನ್ನು. ಕರ್ತವ್ಯದಲ್ಲಿ ಅಗ್ನಿವೀರ, ಅಂದರೆ ಈ ಯೋಜನೆಯಲ್ಲಿ ಸೇರಿದ ಹುಡುಗ, ತೀರಿಕೊಂಡರೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ ಎಂದು ಟಿ.ವಿ.ಯಲ್ಲಿ ದೊಡ್ಡ ಅಂಕಿ ತೋರಿಸುತ್ತಾರೆ, ಕೋಟಿ ಸಿಕ್ಕಿತಲ್ಲ ಎನ್ನುತ್ತಾರೆ. ಖಾಯಂ ಸೈನಿಕ ಯುದ್ಧದಲ್ಲಿ ಮಡಿದರೆ ಹೆಂಡತಿಗೆ ಕೊನೆಯ ಸಂಬಳದಷ್ಟೇ ಪಿಂಚಣಿ ಪ್ರತಿ ತಿಂಗಳು ಬರುತ್ತದೆ, ಮದುವೆಯಾಗಿರದಿದ್ದರೆ ತಂದೆತಾಯಿಗೆ ಪಿಂಚಣಿ ಇದೆ, ತುಟ್ಟಿಭತ್ಯೆಯೂ ಏರುತ್ತ ಹೋಗುತ್ತದೆ. ಅಗ್ನಿವೀರ ಸೇರುವಾಗಲೇ ಅವಿವಾಹಿತನಾಗಿರಬೇಕು, ಹಾಗಾಗಿ ಅವನ ಹಿಂದೆ ಉಳಿಯುವವಳು ಬಹುಪಾಲು ತಾಯಿ. ಒಟ್ಟಿಗೆ ಬಂದ ದುಡ್ಡು ಸಾಲಕ್ಕೆ, ಮನೆಗೆ, ತಂಗಿಯ ಮದುವೆಗೆ ಹರಿದುಹೋಗುತ್ತದೆ. ಹತ್ತು ವರ್ಷದ ಮೇಲೆ ಅವಳ ಔಷಧಿಗೆ ಬೇಕಾದದ್ದು ತಿಂಗಳ ದುಡ್ಡು. ಕರ್ತವ್ಯದಲ್ಲಿ ಮಡಿದವರ ಮಟ್ಟಿಗೆ ಖಾಯಂ ಸೈನಿಕನಿಗೂ ಅಗ್ನಿವೀರನಿಗೂ ಭೇದ ಇರಬಾರದು. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಶಿಫಾರಸೂ ಇದೇ. ಯಾವ ಪಕ್ಷ ಮತ ಕೇಳಲು ಬಂದರೂ ನಾನು ಮೊದಲು ಕೇಳುವ ಪ್ರಶ್ನೆ ಇದು.

ಎರಡನೆಯದು ಬ್ಯಾನರುಗಳ ಬಗ್ಗೆ. ಸೈನಿಕರ ಫೋಟೊ ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ 2013ರ ಡಿಸೆಂಬರಿನಲ್ಲೇ ಪಕ್ಷಗಳಿಗೆ ಹೇಳಿದೆ, 2019ರ ಮಾರ್ಚ್ 9ಕ್ಕೆ ಮತ್ತೆ ನೆನಪಿಸಿದೆ. ಆದರೂ ಗಡಿಯಲ್ಲಿ ಏನಾದರೂ ನಡೆದ ವಾರದಲ್ಲೇ ಬ್ಯಾನರು ಏಳುತ್ತವೆ. ಒಂದು ಪಕ್ಷ ಎಂದು ಬೆರಳು ತೋರಿಸುವಂತಿಲ್ಲ. ಯೂನಿಫಾರ್ಮು ಪಕ್ಷದ ಬಣ್ಣಕ್ಕೆ ಹತ್ತಿರ ನಿಂತಷ್ಟೂ ಒಳಗೆ ದುಡಿಯುವವನಿಗೆ ಕಷ್ಟ. ಅವನ ಪಕ್ಕದಲ್ಲಿ ಮಲಗುವವನು ಬೇರೆ ರಾಜ್ಯದವನು, ಬೇರೆ ಪಕ್ಷಕ್ಕೆ ಮತ ಹಾಕುವ ಮನೆಯವನು.

2025ರ ಏಪ್ರಿಲ್ 22ಕ್ಕೆ ಪಹಲ್ಗಾಮ್ ದಾಳಿಯಾದಾಗ, ಸೇನಾ ಕಾರ್ಯಾಚರಣೆ ಮತ್ತು ಪಡೆಗಳ ಓಡಾಟವನ್ನು ನೇರಪ್ರಸಾರ ಮಾಡಬೇಡಿ ಎಂದು 26ರಂದು ಪ್ರಸಾರ ಸಚಿವಾಲಯ ಸೂಚಿಸಿತು. ಕಾರ್ಗಿಲ್, ಮುಂಬೈ ದಾಳಿ, ಕಂದಹಾರ್ ಅಪಹರಣದಲ್ಲಿ ಆದದ್ದನ್ನು ಅದರಲ್ಲೇ ನೆನಪಿಸಲಾಗಿತ್ತು. ಆಪರೇಷನ್ ಸಿಂಧೂರ ನಡೆದ ಮೇ 7ರಿಂದ 10ರವರೆಗಿನ ಆ ದಿನಗಳಲ್ಲಿ ನಿಜವಲ್ಲದ ಸುದ್ದಿಗಳೂ ಪರದೆ ಮೇಲೆ ಬಂದವು. ಸೈರನ್ ಶಬ್ದ ಹಾಕಿ ಸುದ್ದಿ ಓದುವವರಿಗೆ ನಮ್ಮ ಮನೆಗಳಲ್ಲಿ ಮಕ್ಕಳೂ ನೋಡುತ್ತಿರುತ್ತಾರೆಂಬ ಪರಿವೆ ಇರಲಿ. ಅಂಥ ಹೊತ್ತಿನಲ್ಲಿ ಟಿ.ವಿ. ಆರಿಸಿ, ಸೇನೆಯ ಅಧಿಕೃತ ಹೇಳಿಕೆಯನ್ನಷ್ಟೇ ಓದುವುದು ಕ್ವಾರ್ಟರ್ಸಿನಲ್ಲಿ ನಡೆದುಬಂದ ರೂಢಿ. ಯಜಮಾನರಿಗೆ ಫೋನು ಹತ್ತಿದರೆ ಎಲ್ಲಿದ್ದೀರಿ ಎಂದು ಕೇಳುವುದಿಲ್ಲ, ಊಟ ಆಯ್ತಾ ಎಂದು ಕೇಳುತ್ತೇವೆ.

2025ರಿಂದ ಸುದ್ದಿಯಲ್ಲಿರುವ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಮಗೆ ಎಲ್ಲರಿಗಿಂತ ಹೆಚ್ಚು ತಟ್ಟುತ್ತದೆ. ಬಿಹಾರದಲ್ಲಿ 2025ರ ಆಗಸ್ಟ್ 1ರ ಕರಡಿನಿಂದ 65 ಲಕ್ಷ ಹೆಸರು ಹೊರಬಿದ್ದವು. ಸತ್ತವರು, ಎರಡು ಕಡೆ ಇದ್ದವರ ಜೊತೆ ಊರು ಬಿಟ್ಟವರು, ಮನೆಯಲ್ಲಿ ಸಿಗದವರೂ ಅದರಲ್ಲಿದ್ದರು. ಫೌಜಿಯ ಊರ ಮನೆಗೆ ವರ್ಷದ ಹತ್ತು ತಿಂಗಳು ಬೀಗ. ಸಾಮಾನ್ಯ ಪಟ್ಟಿಯಲ್ಲಿ ಹೆಸರಿಟ್ಟುಕೊಂಡ ಹೆಂಡತಿಯರೇ, ನಿಮ್ಮ ಊರಲ್ಲಿ ಪರಿಷ್ಕರಣೆ ಶುರುವಾಗುವ ಮೊದಲೇ ಬೂತ್ ಮಟ್ಟದ ಅಧಿಕಾರಿಯ ನಂಬರನ್ನು ಮೈದುನನ ಹತ್ತಿರವೋ ಪಕ್ಕದ ಮನೆಯವರ ಹತ್ತಿರವೋ ತರಿಸಿಕೊಳ್ಳಿ. ಕುಟುಂಬದ ಇನ್ನೊಬ್ಬ ವಯಸ್ಕರು ನಿಮ್ಮ ಪರವಾಗಿ ಸಹಿ ಮಾಡಿಕೊಡಲು ಅವಕಾಶವಿದೆಯೇ ಎಂದು ಆಗಲೇ ವಿಚಾರಿಸಿ. ಸೇವಾ ಮತದಾರರಿಗೆ ಗುರುತಿನ ಚೀಟಿ ಕೊಡುವುದಿಲ್ಲ, ಹಾಗಾಗಿ ಹೆಸರು ಕೊನೆಯ ಭಾಗದಲ್ಲಿದೆಯೇ ಎಂದು ಪಟ್ಟಿಯನ್ನೇ ನೋಡಬೇಕು. ಯಜಮಾನರು ನಿವೃತ್ತರಾದರೆ ಇಬ್ಬರ ಹೆಸರೂ ಆ ಭಾಗದಿಂದ ಹೋಗುತ್ತದೆ, ತಾನಾಗಿ ಊರಿನ ಪಟ್ಟಿಗೆ ಬಂದು ಕೂರುವುದಿಲ್ಲ. ಡಿಸ್ಚಾರ್ಜ್ ಬುಕ್ಕು ಕೈಗೆ ಬಂದ ವಾರವೇ, ಪಿಂಚಣಿಯ ಕಾಗದಗಳ ಜೊತೆಗೆ, ಇಬ್ಬರದ್ದೂ ಒಂದೊಂದು ಫಾರಂ 6 ತುಂಬಿ ಕೊಡಿ.