ಕೆಳದಿಯ ಕತ್ತಿ, ಕೆಳದಿಯ ತಾಳೆಗರಿ

ಶಿವಮೊಗ್ಗದಲ್ಲಿ ಸಾಗರದ ಬಸ್ಸು ಹತ್ತುವಾಗ ಬರೀ ಮೋಡ. ಆನಂದಪುರ ಬರುವಷ್ಟರಲ್ಲಿ ಕಿಟಕಿ ಮುಚ್ಚಲೇಬೇಕಾಯಿತು. ಪಕ್ಕದಲ್ಲಿ ತಂಗಿ ಮಗಳು. ಹಳೆಯ ವಸ್ತುಗಳ ಸಂರಕ್ಷಣೆ ಓದುತ್ತಿದ್ದಾಳೆ. ನಾನು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ 22 ವರ್ಷ ಕೆಲಸ ಮಾಡಿದವಳು. "ನೀನು ಕೈಕಾಲಿಗೆ ಮಾಡೋ ಕೆಲಸಾನ ಕತ್ತಿಗೂ ಮಾಡ್ತಾರೆ ದೊಡ್ಡಮ್ಮ, ಬಾ ತೋರಿಸ್ತೀನಿ" ಎಂದು ಕರೆದುಕೊಂಡು ಹೊರಟಿದ್ದಳು.

ಸಾಗರದಿಂದ ಕೆಳದಿಗೆ ಆಟೋ. ದೇವಸ್ಥಾನದ ಛಾವಣಿಯ ಗಂಡಭೇರುಂಡವನ್ನು ಕತ್ತು ನೋಯುವಷ್ಟು ಹೊತ್ತು ನೋಡಿ ಮ್ಯೂಸಿಯಂಗೆ ಬಂದೆವು.

ಗಾಜಿನ ಹಿಂದೆ ಹಳೆಯ ಕತ್ತಿಗಳು. ತುಕ್ಕು ಹಿಡಿದ ಕಬ್ಬಿಣ ಸಿಕ್ಕರೆ ಕೆರೆಯುವ ಮೊದಲು ಎಕ್ಸ್‌ರೇ ತೆಗೆಯಬೇಕಂತೆ. ಗಟ್ಟಿ ಲೋಹ ಕಿರಣವನ್ನು ಹೆಚ್ಚು ತಡೆಯುತ್ತದೆ, ತುಕ್ಕು ಕಡಿಮೆ; ಮೂಳೆ ಮತ್ತು ಮಾಂಸದ ಹಾಗೇ. ಒಳಗೆ ಅಲಗು ಎಷ್ಟು ಉಳಿದಿದೆ, ಬಿರುಕು ಎಲ್ಲಿದೆ ಎಂಬುದು ಫಿಲ್ಮಿನಲ್ಲಿ ತಿಳಿಯುತ್ತದೆ. ಕೆಲವೊಮ್ಮೆ ಲೋಹವೆಲ್ಲ ತುಕ್ಕಾಗಿ, ವಸ್ತುವಿನ ಆಕಾರ ತುಕ್ಕಿನೊಳಗೇ ಉಳಿದಿರುತ್ತದೆ. ಗೊತ್ತಿಲ್ಲದೆ ಉಜ್ಜಿದರೆ ಅದೂ ಹೋಯಿತು. ಎಷ್ಟು ಮನೆಗಳ ಅಟ್ಟದ ಕತ್ತಿಗಳನ್ನು ಹೀಗೆ ಮರಳುಕಾಗದ ಹಾಕಿ ತಿಕ್ಕಿ ಕೆಡಿಸಿದ್ದೇವೋ ಎಂದು ಹೊಟ್ಟೆ ಉರಿಯಿತು.

ಮಡಕೆಯ ವಿಷಯದಲ್ಲಿ ಇನ್ನೊಂದು ಎಚ್ಚರ. ಸುಟ್ಟ ಮಣ್ಣು ವರ್ಷವರ್ಷವೂ ಹೀರಿಕೊಂಡ ವಿಕಿರಣವನ್ನು ಅಳೆದು ಅದರ ವಯಸ್ಸು ಹೇಳುವ ವಿಧಾನವಿದೆ. ಎಕ್ಸ್‌ರೇ ಬಿದ್ದರೆ ಆ ಲೆಕ್ಕ ಕೆಡಬಹುದು. ಹಾಗಾಗಿ ವಯಸ್ಸು ತಿಳಿಯಬೇಕಿದ್ದರೆ ಮಾದರಿಯನ್ನು ಮೊದಲೇ ತೆಗೆದಿಡಬೇಕು. ರೋಗಿಗೆ ಡೋಸ್ ಲೆಕ್ಕ ಹಾಕುವ ನನಗೆ ಮಡಕೆಗೂ ಅದು ಬೇಕೆಂದು ಹೊಳೆದೇ ಇರಲಿಲ್ಲ.

ನಮ್ಮ ಮನೆದೇವರ ವಿಗ್ರಹ ನಿಜಕ್ಕೂ ಪಂಚಲೋಹದ್ದೋ ಅಲ್ಲವೋ ತಿಳಿಯಬಹುದೇ ಎಂದು ಅವಳನ್ನು ಕೇಳಿದೆ. ಅದಕ್ಕೆ ಕೈಯಲ್ಲಿ ಹಿಡಿಯುವ ಬೇರೆ ಯಂತ್ರವಿದೆ. ಎಕ್ಸ್‌ರೇ ತಾಗಿದ ಲೋಹ ತನ್ನದೇ ಶಕ್ತಿಯ ಎಕ್ಸ್‌ರೇ ಹೊರಸೂಸುತ್ತದೆ: ತಾಮ್ರದ್ದು ಸುಮಾರು 8 ಕಿಲೋ ಎಲೆಕ್ಟ್ರಾನ್ ವೋಲ್ಟ್, ತವರದ್ದು 25. ಸೀಸ ಮತ್ತು ಆರ್ಸೆನಿಕ್ ಎರಡೂ 10.5ರ ಹತ್ತಿರ ಬರುವುದರಿಂದ ಅವಸರದ ತೀರ್ಮಾನ ಸಲ್ಲದು. ಅಲ್ಲದೆ ಅದು ಮೇಲ್ಪದರವನ್ನಷ್ಟೇ ಓದುತ್ತದೆ. ತಲೆಮಾರುಗಳಿಂದ ಹುಣಸೆಹಣ್ಣು ಹಾಕಿ ಬೆಳಗಿದ ವಿಗ್ರಹದ ಮೇಲ್ಮೈ ಒಳಗಿನ ಲೋಹದಂತೆಯೇ ಇರಬೇಕೆಂದಿಲ್ಲ.

ತಾಳೆಗರಿಗಳ ಮುಂದೆ ಮಾತ್ರ ಅವಳು ತಲೆಯಾಡಿಸಿದಳು. ಕಬ್ಬಿಣ ಬೆರೆತ ಶಾಯಿಯಾಗಿದ್ದರೆ ಎಕ್ಸ್‌ರೇಗೆ ಸಿಗುತ್ತಿತ್ತು. ಇಲ್ಲಿ ಕಂಟದಿಂದ, ಅಂದರೆ ಬರೆಯುವ ಚೂಪು ಕಡ್ಡಿಯಿಂದ, ಕೊರೆದ ಗೀರಿಗೆ ಮಸಿ ತಿಕ್ಕಿದ್ದಾರೆ. ಮಸಿಯೆಂದರೆ ಇಂಗಾಲ, ಗರಿಯಲ್ಲಿರುವುದೂ ಹೆಚ್ಚಾಗಿ ಇಂಗಾಲವೇ. ನನ್ನ ಕಿರಣಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ.

ಒಂದು ಗರಿಯಲ್ಲಿ ಮಸಿ ಪೂರ್ತಿ ಅಳಿಸಿಹೋಗಿತ್ತು. ಅಲ್ಲಿದ್ದವರನ್ನು ಕೇಳಿ, ಮೊಬೈಲ್ ಟಾರ್ಚನ್ನು ಗಾಜಿನ ಪಕ್ಕದಿಂದ ಓರೆಯಾಗಿ ಹಿಡಿದಳು. ಗೀರುಗಳಲ್ಲಿ ನೆರಳು ತುಂಬಿ, ಖಾಲಿ ಗರಿಯ ಮೇಲೆ ಅಕ್ಷರಗಳ ಸಾಲು ಎದ್ದಿತು. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ನಾನು ಬಗ್ಗಿ, ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು, ಮೊದಲ ಅಕ್ಷರ ಓದಿದೆ: ಶ್ರೀ.