ಅಂಗೈ ಮೇಲೆ ಕೂರುವ ವಿಮಾನಕ್ಕೆ ಎರಡು ತಿಂಗಳು ಏಕೆ?

ನನ್ನ ಕಪಾಟಿನಲ್ಲಿರುವ ಹಾಕರ್ ಹರಿಕೇನ್ ಯುದ್ಧವಿಮಾನದ ಮಾದರಿಗೆ ಎರಡು ತಿಂಗಳು ಹಿಡಿಯಿತೆಂದು ತಿಳಿದೊಡನೆ, ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ನಿಜವಾದ ಹರಿಕೇನಿನ ರೆಕ್ಕೆಗಳ ಹರವು 12.19 ಮೀಟರ್, 1/72 ಅಳತೆಯ ಮಾದರಿಯಲ್ಲಿ ಅದು 17 ಸೆಂಟಿಮೀಟರಿನಷ್ಟೇ. ಆದ್ದರಿಂದ ಪ್ರಶ್ನೆ ಸಹಜವೇ.

ಕಿಟ್ಟಿನಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸುವ ಕೆಲಸಕ್ಕೆ ನಾಲ್ಕೈದು ಸಂಜೆಗಳು ಸಾಕು. ಅಂಟು ಪ್ಲಾಸ್ಟಿಕ್ಕಿನ ಅಂಚುಗಳನ್ನೇ ಕರಗಿಸಿ ಒಂದು ಮಾಡುತ್ತದೆ. ಆದರೂ ಒಡಲಿನ ಎರಡು ಹೋಳುಗಳು ಕೂಡುವಲ್ಲಿ ಕೂದಲೆಳೆಯಷ್ಟು ಗೀರು ಉಳಿದಿರುತ್ತದೆ. ಅದು ಕಾಣುವುದು ಬೂದು ಪ್ರೈಮರ್ ಹಚ್ಚಿದ ಮೇಲೆಯೇ. ಆಗ ಪುಟ್ಟಿ ತುಂಬಿ, ಒಣಗಿದ ಮೇಲೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಮತ್ತೆ ಪ್ರೈಮರ್ ಹಚ್ಚಬೇಕು. ಪೈಲಟ್ ಕೂರುವ ಜಾಗಕ್ಕೆ ಮಾತ್ರ ಹೋಳುಗಳನ್ನು ಸೇರಿಸುವ ಮೊದಲೇ ಬಣ್ಣ ಹಚ್ಚಿರಬೇಕು, ಏಕೆಂದರೆ ಆಮೇಲೆ ಅಲ್ಲಿಗೆ ಕುಂಚ ಹೋಗದು.

ದಿನಗಳನ್ನು ನಿಜವಾಗಿ ನುಂಗುವುದು ಬಣ್ಣ. ಹೊಟ್ಟೆಯ ಭಾಗಕ್ಕೆ ತಿಳಿಬೂದು, ಮೇಲೆ ಮಣ್ಣಿನ ಕಂದು, ಅದರ ಮೇಲೆ ಅಂಕುಡೊಂಕಾದ ಕಡುಹಸಿರು ಪಟ್ಟೆಗಳು: ಹೀಗೆ ತಿಳಿಯಿಂದ ಗಾಢಕ್ಕೆ ಸಾಗುತ್ತೇನೆ. ನಾನು ಬಳಸುವ ಎನಾಮೆಲ್ ಬೇಸಿಗೆಯಲ್ಲಿ ಒಂದು ದಿನಕ್ಕೆ ಒಣಗಿದರೆ, ಮಳೆಗಾಲದಲ್ಲಿ ಮೂರು ದಿನ ಕಳೆದರೂ ಬೆರಳಿನ ಗುರುತು ಮೂಡುತ್ತದೆ. ಕಳೆದ ಆಷಾಢದಲ್ಲಿ ಆತುರಪಟ್ಟು, ಬಣ್ಣ ತಾಗಬಾರದ ಜಾಗವನ್ನು ಮುಚ್ಚುವ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಅದನ್ನು ಎಳೆದಾಗ ಎಡರೆಕ್ಕೆಯ ಕಂದುಬಣ್ಣವೂ ಜೊತೆಗೇ ಎದ್ದುಬಂತು.

ಇಷ್ಟಾದ ಮೇಲೆ, ಹೊಳಪಿಲ್ಲದಂತೆ ಕಾಣಬೇಕಾದ ಈ ವಿಮಾನಕ್ಕೆ ಮೊದಲು ಹೊಳಪಿನ ವಾರ್ನಿಷ್ ಹಚ್ಚುತ್ತೇನೆ. ಇದನ್ನು ನೋಡಿ ಹಲವರು ನಕ್ಕಿದ್ದಾರೆ. ಒರಟು ಬಣ್ಣದ ಮೇಲೆ ಡಿಕಾಲ್, ಅಂದರೆ ಚಿಹ್ನೆಗಳನ್ನು ಮುದ್ರಿಸಿದ ತೆಳುಪೊರೆ, ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು, ಅದರ ಪಾರದರ್ಶಕ ಅಂಚು ಬೆಳ್ಳಿಯಂತೆ ಮಿನುಗುತ್ತದೆ. ಅದಕ್ಕೇ ನಯವಾದ ಮೈಯ ಮೇಲೆ ಡಿಕಾಲ್ ಕೂರಿಸಿ, ಕೊನೆಗೆ ಮ್ಯಾಟ್ ವಾರ್ನಿಷ್ ಹಚ್ಚಿ ಹೊಳಪನ್ನು ಅಡಗಿಸುವುದು.

ಕಿಟ್ಟಿನಲ್ಲಿ ಬಂದ ಡಿಕಾಲ್ ನನಗೆ ಉಪಯೋಗಕ್ಕೆ ಬರಲಿಲ್ಲ. ನಾನು ಮಾಡುತ್ತಿದ್ದದ್ದು 1944ರಲ್ಲಿ ಅರ್ಜನ್ ಸಿಂಗ್ ನೇತೃತ್ವದಲ್ಲಿ ಇಂಫಾಲದಿಂದ ಹಾರುತ್ತಿದ್ದ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ ವಿಮಾನ. ಜಪಾನಿ ವಿಮಾನಗಳ ಕೆಂಪು ಸೂರ್ಯನೆಂದು ತಮ್ಮವರೇ ತಪ್ಪು ತಿಳಿದಾರೆಂಬ ಕಾರಣಕ್ಕೆ, ಜಪಾನಿನ ವಿರುದ್ಧದ ಆ ರಣರಂಗದಲ್ಲಿ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ವೃತ್ತಚಿಹ್ನೆಯಿಂದ ಕೆಂಪನ್ನು ತೆಗೆದು, ಕಡುನೀಲಿ ಬಳೆಯೊಳಗೆ ತಿಳಿನೀಲಿ ಬೊಟ್ಟು ಇಟ್ಟಿದ್ದರು. ಅಂಥ ಚಿಹ್ನೆಯನ್ನು ಬೇರೆಡೆಯಿಂದ ತರಿಸಲು ಎರಡು ವಾರ ಕಾಯಬೇಕಾಯಿತು. ಈಗ ಅದನ್ನು ನೋಡಿದವರು, ನಡುವೆ ಕೆಂಪು ಹಚ್ಚುವುದನ್ನು ಮರೆತಿರಾ ಎಂದು ಕೇಳುತ್ತಾರೆ.